ಸಿಹಿ ಸಂದೇಹ: ಚಾಕೊಲೇಟ್ ಬಾಯಲ್ಲಿ ಕರಗುವಾಗ ಏನನ್ನು ಗಮನಿಸಬೇಕು?

ಈ ಸಲದ ಅಂಕಣ ಚಾಕೊಲೇಟ್ ಮತ್ತು ಮಿಠಾಯಿಗಳಿಗೆ ಮೀಸಲು. ಹಲವು ಪತ್ರಗಳು 'ಯಾವುದು ಒಳ್ಳೆಯದು, ಹೆಸರು ಹೇಳಿ' ಎಂದು ಕೇಳಿವೆ. ಹೆಸರು ಹೇಳುವುದು ಸುಲಭ, ಆದರೆ ಅದರಿಂದ ನಿಮಗೆ ಉಪಯೋಗ ಕಡಿಮೆ. ಬಾಯಲ್ಲಿ ಹೀಗೇಕಾಯಿತು ಎಂಬ ಕಾರಣ ತಿಳಿದರೆ ಆಯ್ಕೆ ನಿಮ್ಮದೇ ಆಗುತ್ತದೆ.

ಪ್ರಶ್ನೆ: ಚಾಕೊಲೇಟ್ ಬಲ್ಲವರು ಅದರಲ್ಲಿ ಹಣ್ಣು, ಹೂವು, ಮರದ ಪರಿಮಳ ಎಂದೆಲ್ಲ ವರ್ಣಿಸುತ್ತಾರೆ. ನನಗೆ ಸಿಹಿ, ಕಹಿ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ನನ್ನ ನಾಲಿಗೆ ಮಂದವೋ, ಅವರು ಬುರುಡೆ ಬಿಡುತ್ತಾರೋ?

ಉತ್ತರ: ಎರಡೂ ಅಲ್ಲ. ನಾಲಿಗೆಗೆ ದಕ್ಕುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೆಟೊಗಳಲ್ಲಿ ಸಿಗುವ ತುಂಬು ರುಚಿ) ಇಷ್ಟೇ. ಹಣ್ಣು, ಹೂವೆಲ್ಲ ಮೂಗಿನ ಪಾಲು. ಬಾಯಿಯ ಹಿಂಬದಿಯಿಂದ ಮೂಗಿಗೇರುವ ಉಸಿರಿನಲ್ಲಿ ಆ ಪರಿಮಳ ಸಿಗುತ್ತದೆ. ಮೂಗನ್ನು ಬಿಗಿಯಾಗಿ ಹಿಡಿದು ಒಂದು ಚೂರು ಬಾಯಿಗೆ ಹಾಕಿಕೊಂಡು ಹದಿನೈದು ಸೆಕೆಂಡು ಕರಗಲು ಬಿಡಿ. ಬರೀ ಸಿಹಿ ಕಹಿ ತಿಳಿಯುತ್ತದೆ. ಈಗ ಮೂಗು ಬಿಟ್ಟು ಉಸಿರು ಹೊರಬಿಡಿ. ಥಟ್ಟನೆ ಏನು ತುಂಬಿಕೊಂಡಿತೋ ಅದೇ ಚಾಕೊಲೇಟಿನ ಪರಿಮಳ. ಎರಡೇ ಅಗಿತಕ್ಕೆ ನುಂಗಿಬಿಟ್ಟರೆ ಇದಕ್ಕೆ ಸಮಯವೇ ಸಿಗುವುದಿಲ್ಲ.

ಕ್ರಮ ಹೀಗಿರಲಿ. ಕೋಣೆಯ ಉಷ್ಣತೆ 20ರಿಂದ 22 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಫ್ರಿಜ್‌ನಿಂದ ತೆಗೆದದ್ದಾದರೆ ಹೊದಿಕೆ ಬಿಚ್ಚದೆ ಒಂದು ಗಂಟೆ ಹೊರಗಿಡಿ. ತಣ್ಣಗಿನ ಚಾಕೊಲೇಟ್‌ನಿಂದ ಪರಿಮಳ ಏಳುವುದಿಲ್ಲ. ಒಬ್ಬರಿಗೆ ಒಂದು ಸಲಕ್ಕೆ ಸುಮಾರು 5 ಗ್ರಾಂ ಸಾಕು. ಮೊದಲು ಮೇಲ್ಮೈ ನೋಡಿ: ಹೊಳಪಿದೆಯೇ, ಬಿಳಿ ಮಚ್ಚೆ ಇದೆಯೇ, ಗಾಳಿಗುಳ್ಳೆಯ ತೂತುಗಳಿವೆಯೇ. ಕಿವಿಯ ಹತ್ತಿರ ಹಿಡಿದು ಮುರಿಯಿರಿ. ಒಳ್ಳೆಯ ಕಪ್ಪು ಚಾಕೊಲೇಟ್ 'ಟಕ್' ಎನ್ನುತ್ತದೆ, ಮುರಿದ ಅಂಚು ನೇರವಾಗಿರುತ್ತದೆ. ಮುರಿದ ಕೂಡಲೇ ಮೂಸಿ, ತಾಜಾ ಅಂಚಿನಲ್ಲಿ ಪರಿಮಳ ಹೆಚ್ಚು. ಆಮೇಲೆ ಬಾಯಿಗೆ ಹಾಕಿಕೊಂಡು ಎರಡು ಮೂರು ಸಲವಷ್ಟೇ ಕಚ್ಚಿ, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಬಿಡಿ. ಅರ್ಧ ನಿಮಿಷದಲ್ಲಿ ಕರಗಬೇಕು. ಮೊದಲು ಬಂದದ್ದೇನು, ನಡುವೆ ಬಂದದ್ದೇನು, ನುಂಗಿದ ಮೇಲೆ ಉಳಿದದ್ದೇನು ಮತ್ತು ಎಷ್ಟು ಹೊತ್ತು ಉಳಿಯಿತು, ಈ ಮೂರನ್ನೂ ಬರೆದುಕೊಳ್ಳಿ. ಪದ ಸಿಗದಿದ್ದರೆ 'ಹಳೆಯ ಪುಸ್ತಕದ ವಾಸನೆ' ಎಂದೇ ಬರೆಯಿರಿ. ತಜ್ಞರ ಪದಪಟ್ಟಿಯನ್ನು ಮುಂದಿಟ್ಟುಕೊಂಡು ಕೂತರೆ ಅದರಲ್ಲಿರುವುದೆಲ್ಲ ಬಾಯಲ್ಲಿ ಬಂದಂತೆಯೇ ಅನಿಸತೊಡಗುತ್ತದೆ.

ಎರಡು ಮಾದರಿಗಳ ನಡುವೆ ಉಗುರು ಬೆಚ್ಚಗಿನ ನೀರು ಕುಡಿಯಿರಿ. ತಣ್ಣೀರು ಬೇಡ. ನಾಲಿಗೆಯ ಮೇಲಿರುವ ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದ ಕೊಬ್ಬು, ಅದರಿಂದ ಹೆಪ್ಪುಗಟ್ಟಿ ಅಲ್ಲೇ ಕೂರುತ್ತದೆ.

ಪ್ರಶ್ನೆ: ಎರಡು ಬಾರ್‌ಗಳ ಮೇಲೂ ಶೇ 70 ಕೋಕೋ ಎಂದೇ ಇದೆ. ಒಂದು ನಯವಾಗಿದೆ, ಇನ್ನೊಂದನ್ನು ತಿಂದರೆ ಬಾಯಿ ಒಣಗಿ ಹಿಡಿದುಕೊಂಡಂತಾಗುತ್ತದೆ. ಶೇಕಡಾವಾರು ಸುಳ್ಳೇ?

ಉತ್ತರ: ಸುಳ್ಳಲ್ಲ, ಅರ್ಧ ಮಾಹಿತಿ. ಆ 70ರಲ್ಲಿ ಕೋಕೋ ಬೀಜದ ಮುದ್ದೆಯೂ ಸೇರಿದೆ, ಮೇಲಿಂದ ಹಾಕಿದ ಕೋಕೋ ಬೆಣ್ಣೆಯೂ ಸೇರಿದೆ. ಯಾವುದು ಎಷ್ಟು ಎಂದು ಹೊದಿಕೆ ಹೇಳುವುದಿಲ್ಲ. ಬೀಜದ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕೊಬ್ಬೇ ಇರುತ್ತದೆ. 100 ಗ್ರಾಂ ಬಾರ್‌ನಲ್ಲಿ 70 ಗ್ರಾಂ ಪೂರ್ತಿ ಬೀಜವೇ ಆಗಿದ್ದರೆ ಕೊಬ್ಬು ಸುಮಾರು 37 ಗ್ರಾಂ, ಕಹಿ ಕೊಡುವ ಕೊಬ್ಬಿಲ್ಲದ ಭಾಗ 33 ಗ್ರಾಂ. ಇನ್ನೊಬ್ಬ ತಯಾರಕ 58 ಗ್ರಾಂ ಬೀಜಕ್ಕೆ 12 ಗ್ರಾಂ ಬೆಣ್ಣೆ ಸೇರಿಸಿದರೆ ಕೊಬ್ಬು 43ಕ್ಕೇರುತ್ತದೆ, ಕಹಿಯ ಭಾಗ 27ಕ್ಕಿಳಿಯುತ್ತದೆ. ಎರಡಕ್ಕೂ ಅದೇ ಶೇ 70, ಸಕ್ಕರೆಯೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹೊದಿಕೆಯ ಹಿಂಬದಿ ತಿರುಗಿಸಿ 100 ಗ್ರಾಂಗೆ ಎಷ್ಟು ಕೊಬ್ಬು ಎಂಬ ಸಾಲನ್ನು ಓದಿ. ಮುಂಬದಿಯ ದೊಡ್ಡ ಅಂಕಿಗಿಂತ ಹಿಂಬದಿಯ ಈ ಸಣ್ಣ ಅಂಕಿ ಹೆಚ್ಚು ಹೇಳುತ್ತದೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ಬಾಯಿ ಹಿಡಿದುಕೊಂಡಂತೆ' ಎಂದಿದ್ದೀರಿ, ಅದು ಕಹಿಯಲ್ಲ, ಒಗರು. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಪದವೇ ಇರುವುದು ರುಚಿ ನೋಡುವವರ ಪುಣ್ಯ. ಕಹಿ ನಾಲಿಗೆಯ ರುಚಿ, ಥಿಯೋಬ್ರೊಮಿನ್ ಮತ್ತು ಕೆಫೀನ್ ಅದರ ಮೂಲಗಳಲ್ಲಿ ಮುಖ್ಯವಾದವು. ಒಗರು ಸ್ಪರ್ಶಕ್ಕೆ ಸೇರಿದ್ದು: ಬೀಜದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯವಸ್ತುಗಳು ಜೊಲ್ಲಿನ ಪ್ರೊಟೀನ್‌ಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ಕಿತ್ತುಕೊಳ್ಳುತ್ತವೆ, ಕೆನ್ನೆಯ ಒಳಗೋಡೆ ಸುಕ್ಕುಗಟ್ಟಿದಂತಾಗುತ್ತದೆ. ಹೆಚ್ಚು ಹೊತ್ತು ಕುದಿಸಿದ ಚಹಾದಲ್ಲಿ ಆಗುವುದೂ ಇದೇ. ಕಪ್ಪು ಚಾಕೊಲೇಟಿನಲ್ಲಿ ಹಿತವಾದ ಕಹಿ ದೋಷವಲ್ಲ. ಒಗರು ಮೇಲುಗೈ ಸಾಧಿಸಿದರೆ ಬೀಜ ಸರಿಯಾಗಿ ಹುದುಗಿರಲಿಲ್ಲ ಎಂಬ ಅನುಮಾನ ಬರಬೇಕು. ಬೀಜಗಳನ್ನು ಸಾಮಾನ್ಯವಾಗಿ ಐದಾರು ದಿನ ರಾಶಿ ಹಾಕಿ ಹುದುಗಿಸುತ್ತಾರೆ. ಆಗ ಪಾಲಿಫಿನಾಲ್‌ಗಳು ತಗ್ಗುತ್ತವೆ, ಹುರಿದಾಗ ಚಾಕೊಲೇಟ್ ಪರಿಮಳವಾಗಿ ಅರಳುವ ಮೂಲವಸ್ತುಗಳೂ ಆಗಲೇ ಹುಟ್ಟುತ್ತವೆ.

ಉಳಿದ ದೋಷಗಳಿಗೂ ಹೀಗೆಯೇ ಹಿಂದಕ್ಕೆ ಹೋಗುವ ದಾರಿಯಿದೆ. ವಿನೆಗರ್‌ನಂಥ ಚುಚ್ಚುವ ಹುಳಿ ಬಂದರೆ, ಹುದುಗುವಾಗ ಉಂಟಾದ ಅಸಿಟಿಕ್ ಆಮ್ಲ ಒಣಗಿಸುವಾಗಲೂ ಕಾಂಚಿಂಗ್‌ನಲ್ಲೂ ಸಾಕಷ್ಟು ಹಾರಿಹೋಗಿಲ್ಲ. ಕಾಂಚಿಂಗ್ ಎಂದರೆ ಬೆಚ್ಚಗಿನ ಚಾಕೊಲೇಟನ್ನು ಗಂಟೆಗಟ್ಟಲೆ ತಿರುವಿ ಉಜ್ಜುವುದು, 1879ರಲ್ಲಿ ರುಡಾಲ್ಫ್ ಲಿಂಟ್ ರೂಢಿಗೆ ತಂದ ವಿಧಾನ. ಹೊಗೆಯ ವಾಸನೆ ಬಂದರೆ ಬೀಜವನ್ನು ಸೌದೆ ಬೆಂಕಿಯ ಹೊಗೆ ತಾಗುವಂತೆ ಒಣಗಿಸಿರಬಹುದು. ಕಡುಗಪ್ಪು ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಕ್ಷಾರದಿಂದ ಸಂಸ್ಕರಿಸಿದ ಕೋಕೋ ಕಪ್ಪಗಾಗುತ್ತದೆ, ಆದರೆ ಹುಳಿ ಮತ್ತು ಕಹಿ ಎರಡೂ ಅದರಲ್ಲಿ ತಗ್ಗುತ್ತವೆ.

ಪ್ರಶ್ನೆ: ಕಪಾಟಿನಲ್ಲಿಟ್ಟ ಚಾಕೊಲೇಟ್ ಮೇಲೆ ಬೂದಿ ಬಳಿದಂತೆ ಬಿಳಿ ಪದರ ಬಂದಿದೆ. ಬೂಷ್ಟೇ? ಎಸೆಯಬೇಕೇ?

ಉತ್ತರ: ಬೂಷ್ಟು ಹಿಡಿಯುವುದು ತೀರಾ ಅಪರೂಪ, ಬರೀ ಚಾಕೊಲೇಟಿನಲ್ಲಿ ಅದಕ್ಕೆ ಬೇಕಾದ ನೀರೇ ಇಲ್ಲ. ನೂಲುನೂಲಾಗಿ ಎದ್ದು ನಿಂತಿದ್ದರೆ, ಮುಗ್ಗಲು ವಾಸನೆ ಇದ್ದರೆ, ಅಥವಾ ಒಳಗೆ ಕೆನೆಯ ಹೂರಣವಿದ್ದು ಹಾಗಾಗಿದ್ದರೆ ಎಸೆಯಿರಿ. ಉಳಿದಂತೆ ಅದು ಎರಡರಲ್ಲಿ ಒಂದು. ಬೆರಳ ತುದಿಯಿಂದ ಉಜ್ಜಿ ನೋಡಿ. ಬೆರಳ ಶಾಖಕ್ಕೆ ಕರಗಿ ಮಾಯವಾದರೆ ಕೊಬ್ಬಿನ ಪದರ. ಒರಟಾಗಿ ಹಾಗೆಯೇ ಉಳಿದರೆ ಸಕ್ಕರೆಯದು. ಒಂದು ಹನಿ ನೀರು ಹಾಕಿದರೆ ಇನ್ನೂ ಸ್ಪಷ್ಟ: ಕೊಬ್ಬಿನ ಮೇಲೆ ಹನಿ ಮುತ್ತಿನಂತೆ ನಿಲ್ಲುತ್ತದೆ, ಸಕ್ಕರೆಯ ಮೇಲೆ ಹರಡಿ ಅಂಟಾಗುತ್ತದೆ.

ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ತಯಾರಕರಿಗೆ ಬೇಕಾದದ್ದು ಐದನೆಯದು. ಅದು ಕರಗುವುದು 33–34 ಡಿಗ್ರಿಯಲ್ಲಿ, ಅಂದರೆ ಕೈಯಲ್ಲಿ ಸ್ವಲ್ಪ ಹೊತ್ತು ತಡೆದು ಬಾಯಲ್ಲಿ ಸೋಲುತ್ತದೆ. ಹೊಳಪೂ ಮುರಿಯುವಾಗಿನ ಸದ್ದೂ ಅದರದ್ದೇ. ಬಿಸಿಗೆ ಮೆತ್ತಗಾಗಿ ಮತ್ತೆ ತಾನಾಗಿ ಗಟ್ಟಿಯಾದಾಗ ಈ ಕಟ್ಟು ಹಾಳಾಗಿ ಕೊಬ್ಬು ಮೇಲಕ್ಕೆ ಬಂದು ಬಿಳಿಯಾಗುತ್ತದೆ. ಬಾದಾಮಿ, ಗೋಡಂಬಿ ಸೇರಿದ ಬಾರ್‌ಗಳಲ್ಲಿ ಅವುಗಳ ಎಣ್ಣೆ ಜಿನುಗುವುದರಿಂದ ಇದು ಬೇಗ. ಸಕ್ಕರೆಯ ಪದರಕ್ಕೆ ಕಾರಣ ತೇವ. ತಣ್ಣಗಿನ ಬಾರ್‌ನ ಹೊದಿಕೆ ಬಿಚ್ಚಿದಾಗ ಗಾಳಿಯ ತೇವ ಅದರ ಮೇಲೆ ಕೂತು, ಸಕ್ಕರೆ ಕರಗಿ, ಒಣಗುವಾಗ ದೊಡ್ಡ ಹರಳಾಗುತ್ತದೆ.

ಎರಡನ್ನೂ ತಿನ್ನಬಹುದು. ಕೊಬ್ಬಿನ ಪದರ ಬಂದ ಕಪ್ಪು ಚಾಕೊಲೇಟನ್ನು ಸರಿಪಡಿಸಲೂಬಹುದು: 45ರಿಂದ 50 ಡಿಗ್ರಿಗೆ ಕರಗಿಸಿ, ತಿರುವುತ್ತಾ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಅಚ್ಚಿಗೆ ಹೊಯ್ಯಿರಿ. ಹಾಲಿನ ಚಾಕೊಲೇಟಿಗೆ ಕೊನೆಯ ಏರಿಕೆ 29–30 ಸಾಕು. ಪಾತ್ರೆಗೆ ಹನಿ ನೀರೂ ಬೀಳಬಾರದು, ಬಿದ್ದರೆ ಸಕ್ಕರೆ ಒದ್ದೆಯಾಗಿ ಇಡೀ ಮುದ್ದೆ ಗಂಟುಕಟ್ಟುತ್ತದೆ. ಸಕ್ಕರೆಯ ಪದರ ಬಂದದ್ದಕ್ಕೆ ಈ ಕಸರತ್ತು ವ್ಯರ್ಥ, ಆ ಹರಳುಗಳು ಕೋಕೋ ಬೆಣ್ಣೆಯಲ್ಲಿ ಕರಗುವುದಿಲ್ಲ. ಬಿಸಿ ಹಾಲಿಗೆ ಹಾಕಿ ಕುಡಿಯಿರಿ. ಇನ್ನು ಮುಂದೆ 15ರಿಂದ 18 ಡಿಗ್ರಿಯ, ಕತ್ತಲೆಯ, ಒಣ ಜಾಗದಲ್ಲಿಡಿ, ಮಸಾಲೆ ಡಬ್ಬಿಗಳಿಂದ ದೂರ. ಕೊಬ್ಬು ವಾಸನೆಯನ್ನು ಹೀರುತ್ತದೆ.

ಪ್ರಶ್ನೆ: ಬಿಳಿ ಚಾಕೊಲೇಟ್ ಚಾಕೊಲೇಟೇ ಅಲ್ಲ ಎನ್ನುತ್ತಾರಲ್ಲ?

ಉತ್ತರ: ಅದರಲ್ಲಿ ಕೋಕೋ ಬೆಣ್ಣೆ ಇದೆ, ಕೋಕೋದ ಕಂದು ಭಾಗವಿಲ್ಲ. ಕೋಕೋ ಬೆಣ್ಣೆ ಕನಿಷ್ಠ ಶೇ 20 ಇರಬೇಕೆಂಬ ನಿಯಮ ಹಲವು ಕಡೆ ಇದೆ. ದಂತದ ಬಣ್ಣವಿದ್ದರೆ ನಂಬಬಹುದು, ಸುಣ್ಣದಂಥ ಅಚ್ಚ ಬಿಳುಪಿದ್ದರೆ ಪದಾರ್ಥಗಳ ಪಟ್ಟಿ ಓದಿ.

ಪ್ರಶ್ನೆ: ಆ ಪಟ್ಟಿಯಲ್ಲಿ 'ಸಸ್ಯಜನ್ಯ ಕೊಬ್ಬು' ಎಂದಿದ್ದರೆ ಏನರ್ಥ? ಪಟ್ಟಿ ಓದದೆ ಬಾಯಲ್ಲೇ ಕಂಡುಹಿಡಿಯಬಹುದೇ?

ಉತ್ತರ: ಅದು ಕಾಂಪೌಂಡ್ ಆಗಿರಬಹುದು. ಅಂದರೆ ಕೋಕೋ ಬೆಣ್ಣೆಯ ಬದಲು ತಾಳೆ ಬೀಜದ್ದೋ ಬೇರೆಯದೋ ಕೊಬ್ಬು, ಬಣ್ಣ ರುಚಿಗೆ ಕೋಕೋ ಪುಡಿ. ಐರೋಪ್ಯ ಒಕ್ಕೂಟದಲ್ಲಿ ಕೆಲವು ನಿರ್ದಿಷ್ಟ ಸಸ್ಯಜನ್ಯ ಕೊಬ್ಬುಗಳನ್ನು ಶೇ 5ರವರೆಗೆ ಸೇರಿಸಿಯೂ ಚಾಕೊಲೇಟ್ ಎನ್ನಬಹುದು, ಆದ್ದರಿಂದ ಪಟ್ಟಿಯಲ್ಲಿ ಆ ಪದ ಕಂಡಕೂಡಲೇ ತೀರ್ಪು ಕೊಡಬೇಡಿ. ಅದು ಕೋಕೋ ಬೆಣ್ಣೆಗಿಂತ ಮೊದಲು ಬಂದಿದೆಯೋ ನಂತರವೋ ನೋಡಿ. ಬಾಯಲ್ಲಿ ಗುರುತು ಹಿಡಿಯುವುದೂ ಸಾಧ್ಯ. ಕೋಕೋ ಬೆಣ್ಣೆ ಕರಗುವಾಗ ನಾಲಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ, ತುಸು ತಂಪು ತಿಳಿಯುತ್ತದೆ, ಆಮೇಲೆ ಬಾಯಿ ಚೊಕ್ಕಟ. ಕಳಪೆ ಕಾಂಪೌಂಡ್ ಅಂಗುಳಕ್ಕೆ ಮೇಣದಂತೆ ಅಂಟಿ, ನುಂಗಿದ ಮೇಲೂ ಜಿಡ್ಡು ಉಳಿಸುತ್ತದೆ. ಬಿಸ್ಕತ್ತಿನ ಮೇಲ್ಲೇಪಕ್ಕೆ ಕಾಂಪೌಂಡ್ ಅನುಕೂಲವೇ, ಮೇಲೆ ಹೇಳಿದಂತೆ ಇಳಿಸಿ ಏರಿಸಿ ಹದಗೊಳಿಸುವ ರಗಳೆ ಇಲ್ಲ. ಎರಡನ್ನೂ ಒಟ್ಟಿಗೆ ಕರಗಿಸಿ ಬೆರೆಸುವುದು ಮಾತ್ರ ಬೇಡ. ಎರಡು ಕೊಬ್ಬುಗಳು ಹೊಂದದೆ ಮಿಶ್ರಣ ಮೆತ್ತಗಾಗುತ್ತದೆ, ಬೇಗ ಬಿಳಿಚುತ್ತದೆ.

ಪ್ರಶ್ನೆ: ನಮ್ಮ ಸಂಘದಲ್ಲಿ ಎಂಟು ಬಗೆಯ ಬಾರ್‌ಗಳಿಗೆ ಅಂಕ ಕೊಡುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಹೋದ ಸಲ ಮಾತಿನ ಜೋರಿದ್ದವರು ಹೇಳಿದ್ದೇ ಗೆದ್ದಿತು. ಈ ಸಲ ಹೇಗೆ ನಡೆಸಬೇಕು?

ಉತ್ತರ: ಮೊದಲ ನಿಯಮ, ಅಂಕ ಬರೆದು ಕೊಡುವವರೆಗೆ ಬಾಯಿ ಬಿಡುವಂತಿಲ್ಲ. ಮುಖ ಕಿವಿಚುವುದೂ ಮಾತೇ.

ತಯಾರಿ ರುಚಿ ನೋಡದವರೊಬ್ಬರ ಕೈಲಿರಲಿ. ಹೆಸರು ಅಚ್ಚಾದ ಭಾಗ ಕಾಣದಂತೆ ಬಾರ್‌ಗಳನ್ನು ಒಂದೇ ಗಾತ್ರದ ಚೂರುಗಳಾಗಿ ಮುರಿದು, ತಟ್ಟೆಗಳಿಗೆ 417, 862 ಹೀಗೆ ಅಡ್ಡಾದಿಡ್ಡಿ ಮೂರಂಕಿಯ ಗುರುತು ಹಾಕಲಿ. 1, 2, 3 ಅಥವಾ ಅ, ಆ ಎಂದು ಹಾಕಿದರೆ ಮೊದಲನೆಯದೇ ಮೇಲು ಎಂಬ ಭಾವ ಗೊತ್ತಿಲ್ಲದೆ ನುಸುಳುತ್ತದೆ. ಎಂಟನ್ನೂ ಒಂದೇ ಉಸಿರಿಗೆ ಮುಗಿಸಬೇಡಿ, ನಾಲ್ಕಾದ ಮೇಲೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ. ಕಪ್ಪು ಚಾಕೊಲೇಟ್ ಮೊದಲು, ಅದರಲ್ಲೂ ಕಡಿಮೆ ಶೇಕಡಾವಾರಿನಿಂದ ಹೆಚ್ಚಿನದಕ್ಕೆ. ಹಾಲಿನದು ಮತ್ತು ಬಿಳಿಯದು ಕೊನೆಗೆ. ತಿರುಗುಮುರುಗಾಗಿ ಮಾಡುವವರೂ ಇದ್ದಾರೆ. ಆದರೆ ಹಾಲು ಸಕ್ಕರೆಯ ಲೇಪ ಕೂತ ನಾಲಿಗೆಗೆ ಮುಂದಿನ ಕಪ್ಪು ಚಾಕೊಲೇಟ್ ಇರುವುದಕ್ಕಿಂತ ಕಟುವಾಗಿ ಕಾಣುತ್ತದೆ, ಹಾಗಾಗಿ ನಮ್ಮ ಮತ ಮೊದಲ ಕ್ರಮಕ್ಕೆ. ಒಂದೇ ಗುಂಪಿನೊಳಗೆ ಶೇಕಡಾವಾರು ಹತ್ತಿರವಿರುವವನ್ನು ಒಬ್ಬೊಬ್ಬರಿಗೆ ಒಂದೊಂದು ಸರದಿಯಲ್ಲಿ ಕೊಡಿ. ಮೊದಲು ತಿಂದದ್ದಕ್ಕೆ ಅಂಕ ಧಾರಾಳವಾಗಿ ಬೀಳುವುದು ಎಲ್ಲ ರುಚಿಪರೀಕ್ಷೆಗಳ ಚಾಳಿ. ಅದಕ್ಕೇ ಲೆಕ್ಕಕ್ಕಿಲ್ಲದ ಒಂದು ಚೂರನ್ನು ಎಲ್ಲರಿಗೂ ಆರಂಭದಲ್ಲೇ ಕೊಟ್ಟುಬಿಡಿ. ಒಂದು ಗಂಟೆ ಮುಂಚಿನಿಂದ ಕಾಫಿ, ಪುದೀನ, ಟೂತ್‌ಪೇಸ್ಟ್ ಬೇಡ. ಅತ್ತರು ಹಚ್ಚಿಕೊಂಡು ಬಂದವರನ್ನು ಕಿಟಕಿಯ ಪಕ್ಕ ಕೂರಿಸಿ.

ನೂರು ಅಂಕಗಳನ್ನು ನೋಟಕ್ಕೆ 10, ಮುರಿತಕ್ಕೆ 10, ಮೂಗಿಗೆ ಬಂದ ಪರಿಮಳಕ್ಕೆ 20, ಕರಗುವ ಬಗೆಗೆ 20, ರುಚಿಗೆ 30, ಉಳಿದ ಕೊನೆರುಚಿಗೆ 10 ಎಂದು ಹಂಚಬಹುದು. ಹಾಲಿನ ಕೊಬ್ಬು ಕೋಕೋ ಬೆಣ್ಣೆಯನ್ನು ಮೆದುಗೊಳಿಸುವುದರಿಂದ ಹಾಲಿನ ಚಾಕೊಲೇಟ್ ಜೋರಾಗಿ ಸದ್ದು ಮಾಡದು, ಅದಕ್ಕೆ ಅಂಕ ಕಡಿಯಬೇಡಿ. ನಾಲಿಗೆಗೆ ಮರಳಿನಂತೆ ತಾಗಿದರೆ ಕಡಿಯಿರಿ. ಸುಮಾರು 30 ಮೈಕ್ರಾನ್ (0.03 ಮಿಲಿಮೀಟರ್) ದಾಟಿದ ಕಣ ನಾಲಿಗೆಗೆ ಸಿಕ್ಕಿಬೀಳುತ್ತದೆ. ಬೇಕೆಂದೇ ಕಲ್ಲಿನಲ್ಲಿ ತರಿಯಾಗಿ ಅರೆದ ಬಗೆಗಳೂ ಇವೆ, ಅಂಥವನ್ನು ಬೇರೆಯೇ ಗುಂಪಾಗಿಡಿ. ಹಾಳೆಯ ತುದಿಯಲ್ಲಿ 'ನನಗೆ ಇಷ್ಟವಾಯಿತೇ' ಎಂಬುದಕ್ಕೆ 1ರಿಂದ 9ರ ಪ್ರತ್ಯೇಕ ಅಂಕಣ ಇರಲಿ, ಅದನ್ನು ನೂರಕ್ಕೆ ಕೂಡಿಸಬೇಡಿ. ತಯಾರಿಕೆ ಚೆನ್ನಾಗಿದೆ ಎನ್ನುವುದೂ ನನಗೆ ಹಿಡಿಸಿತು ಎನ್ನುವುದೂ ಬೇರೆ. ಒಂದೇ ಬಾರ್‌ಗೆ ಇಬ್ಬರ ಅಂಕದಲ್ಲಿ 15ಕ್ಕಿಂತ ಹೆಚ್ಚು ಅಂತರ ಬಂದರೆ ವಾದ ಮಾಡದೆ, ಹೊಸ ಗುರುತು ಹಾಕಿ ಇನ್ನೊಮ್ಮೆ ಕೊಡಿ.

ಪ್ರಶ್ನೆ: ನಮ್ಮ ಯಜಮಾನರು ಎರಡು ಕಂಪನಿಗಳ ಚಾಕೊಲೇಟನ್ನು ಕಣ್ಣು ಕಟ್ಟಿದರೂ ಗುರುತಿಸುತ್ತೇನೆ ಎನ್ನುತ್ತಾರೆ. ಪರೀಕ್ಷೆ ಮಾಡುವುದು ಹೇಗೆ?

ಉತ್ತರ: ಎರಡು ಚೂರು ಕೊಟ್ಟು 'ಯಾವುದು ಯಾವುದು' ಎಂದರೆ ಅರ್ಧದಷ್ಟು ಸಲ ಅದೃಷ್ಟವೇ ಗೆಲ್ಲಿಸುತ್ತದೆ. ಮೂರು ಚೂರು ಕೊಡಿ: ಎರಡು ಒಂದೇ ಬಾರ್‌ನವು, ಒಂದು ಬೇರೆ. ಬೇರೆಯದನ್ನು ಹೆಕ್ಕಿ ತೆಗೆಯಬೇಕು. ಜೋಡಿಸುವ ಕ್ರಮಗಳು ಆರೇ: ಕಕಖ, ಕಖಕ, ಖಕಕ, ಖಖಕ, ಖಕಖ, ಕಖಖ. ಇವನ್ನು ಚೀಟಿ ಎತ್ತಿ ಕಲೆಸಿ ಆರು ಸುತ್ತು ನಡೆಸಿ. ಬರೀ ಊಹೆಯಿಂದ ಆರರಲ್ಲಿ ಐದು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ, ಅಷ್ಟು ಬಂದರೆ ಒಪ್ಪಿಕೊಳ್ಳಿ. ನಾಲ್ಕು ಬಂದರೆ ಒಪ್ಪಬೇಡಿ, ಅದು ಊಹೆಯಿಂದಲೇ ಹತ್ತು ಸಲಕ್ಕೊಮ್ಮೆ ಬರುತ್ತದೆ. ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಕಣ್ಣು ಕಟ್ಟಲೇಬೇಕು.

ಪ್ರಶ್ನೆ: ಚಾಕೊಲೇಟ್ ಬಿಟ್ಟು ಹಳೆಯ ಕಾಲದ ಗಟ್ಟಿ ಪೆಪ್ಪರಮೆಂಟು, ಟಾಫಿ, ಫಡ್ಜ್‌ಗಳನ್ನು ಅಳೆಯುವುದು ಹೇಗೆ? ಎಲ್ಲವೂ ಸಕ್ಕರೆಯೇ ತಾನೆ?

ಉತ್ತರ: ಸಕ್ಕರೆಯೇ, ಆದರೆ ಪಾಕ ಬೇರೆ, ಅದರಲ್ಲಿ ಉಳಿದ ನೀರು ಬೇರೆ. ಫಡ್ಜ್‌ಗೆ 112–116 ಡಿಗ್ರಿ, ಮೆತ್ತನೆಯ ಉಂಡೆ ಪಾಕ. ಅಗಿಯುವ ಕ್ಯಾರಮೆಲ್‌ಗೆ 118–121. ಗಟ್ಟಿ ಟಾಫಿ, ಲಾಲಿಪಾಪ್‌ಗಳಿಗೆ 146–154, ತಣ್ಣೀರಿಗೆ ಬಿಟ್ಟ ಹನಿ ಗಾಜಿನಂತೆ ಚಟಕ್ಕೆಂದು ಮುರಿಯುವ ಪಾಕ. ಒಂದೊಂದನ್ನೂ ಅದರ ಹದಕ್ಕೇ ಹೋಲಿಸಿ ನೋಡಬೇಕು.

ಗಟ್ಟಿ ಪೆಪ್ಪರಮೆಂಟಿನಲ್ಲಿ ನೀರು ಶೇ 1ರಿಂದ 3 ಮಾತ್ರ. ಅದು ಹರಳಲ್ಲ, ಗಾಜು. ಬೆಳಕಿಗೆ ಹಿಡಿದರೆ ತಿಳಿಯಾಗಿರಬೇಕು. ಎಳೆದು ಎಳೆದು ಗಾಳಿ ತುಂಬಿಸಿದ ಪಟ್ಟೆಪಟ್ಟೆಯ ಬಗೆಗಳು ಮಬ್ಬಾಗಿರುವುದು ಸಹಜ. ಚೀಪುತ್ತಾ ಹೋದಂತೆ ಗಾಳಿಗುಳ್ಳೆ ಒಡೆದು ಅಂಚು ಮೊನಚಾಗಿ ನಾಲಿಗೆ ಗೀರಿದರೆ ಅದು ತಯಾರಿಕೆಯ ತಪ್ಪು. ಹೊದಿಕೆಗೆ ಅಂಟಿಕೊಂಡಿದ್ದರೆ ಒಂದೋ ಗಾಳಿಯ ತೇವ ಕುಡಿದಿದೆ, ಇಲ್ಲವೇ ಹುಳಿಯನ್ನು ಕುದಿಯುವ ಪಾಕಕ್ಕೇ ಹಾಕಿದ್ದಾರೆ. ಆಮ್ಲ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಫ್ರಕ್ಟೋಸ್ ನೀರನ್ನು ಎಳೆಯುತ್ತದೆ. ಅದಕ್ಕೇ ಒಲೆಯಿಂದ ಇಳಿಸಿದ ಮೇಲೆ ಹುಳಿ ಸೇರಿಸುವುದು. ಸುವಾಸನೆ ಮೊದಲ ಅರ್ಧ ನಿಮಿಷಕ್ಕೇ ಮುಗಿದು ಬರೀ ಸಿಹಿ ಉಳಿದರೂ ಅಂಕ ಕಡಿಯಿರಿ.

ಫಡ್ಜ್‌ನಲ್ಲಿ ಹರಳಿರಬೇಕು, ಆದರೆ ನಾಲಿಗೆಗೆ ತಿಳಿಯದಷ್ಟು ಸಣ್ಣದು. ತರಿತರಿಯಾಗಿದ್ದರೆ ಬಿಸಿಯಾಗಿರುವಾಗಲೇ ಕಲಕಿದ್ದಾರೆ: ಆಗ ಕೆಲವೇ ಹರಳುಗಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ. ಮುಟ್ಟದೆ ಸುಮಾರು 45 ಡಿಗ್ರಿಗೆ ಆರಲು ಬಿಟ್ಟು, ಆಮೇಲೆ ಹೊಳಪು ಹೋಗುವವರೆಗೆ ಬಡಿದರೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಹುಟ್ಟುತ್ತವೆ. ಪಾತ್ರೆಯ ಅಂಚಿಗೆ ಅಂಟಿದ ಸಕ್ಕರೆಯನ್ನು ಒದ್ದೆ ಕುಂಚದಿಂದ ಇಳಿಸಿ, ಅದರ ಒಂದು ಕಣವೂ ಇಡೀ ಪಾಕವನ್ನು ಕೆಡಿಸಬಲ್ಲದು. ಕೆಟ್ಟದ್ದನ್ನು ಎಸೆಯಬೇಕಿಲ್ಲ. ಅರ್ಧ ಬಟ್ಟಲು ನೀರು ಸೇರಿಸಿ ಸಕ್ಕರೆ ಪೂರ್ತಿ ಕರಗಿಸಿ ಮತ್ತೆ ಕುದಿಸಿ. ಥರ್ಮಾಮೀಟರನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಅದು 97 ತೋರಿಸಿದರೆ, ಉಪಕರಣದ ದೋಷವಿರಲಿ ಊರಿನ ಎತ್ತರವಿರಲಿ, ಮೇಲಿನ ಪಾಕದ ಅಂಕಿಗಳಿಂದಲೂ 3 ಕಳೆಯಿರಿ.

ಪ್ರಶ್ನೆ: ಗಮ್ಮಿಗಳಲ್ಲಿ ಕೆಲವು ರಬ್ಬರಿನಂತೆ, ಕೆಲವು ಹಲ್ಲಿಗೆ ಮೆತ್ತಗೆ ತುಂಡಾಗುವಂತೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಕಟ್ಟುವ ವಸ್ತು ಬೇರೆ. ಜೆಲಾಟಿನ್ ಇದ್ದರೆ ಒತ್ತಿದಾಗ ಪುಟಿಯುತ್ತದೆ, ಬಾಯಿಯ ಶಾಖಕ್ಕೆ ಕರಗುತ್ತದೆ, ಹಣ್ಣಿನ ರುಚಿ ನಿಧಾನವಾಗಿ ಬರುತ್ತದೆ. ಹಣ್ಣುಗಳಿಂದ ತೆಗೆಯುವ ಪೆಕ್ಟಿನ್ ಆದರೆ ಕಚ್ಚಿದಲ್ಲೇ ತುಂಡಾಗಿ ರುಚಿ ಕೂಡಲೇ ಬಿಡುತ್ತದೆ. ಪಿಷ್ಟದ್ದಾದರೆ ಹಲ್ಲಿಗೆ ತುಸು ಅಂಟುತ್ತದೆ. ಬಿಸಿಲಲ್ಲಿ ಮರೆತ ಪೊಟ್ಟಣದಲ್ಲಿ ಎಲ್ಲ ಕೂಡಿ ಒಂದೇ ಗಡ್ಡೆಯಾಗಿದ್ದರೆ ಬಹುಮಟ್ಟಿಗೆ ಜೆಲಾಟಿನ್. ಜೆಲಾಟಿನ್ ಪ್ರಾಣಿಜನ್ಯ, ಸಸ್ಯಾಹಾರಿಗಳು ಪಟ್ಟಿ ನೋಡಿಯೇ ಕೊಳ್ಳಬೇಕು.

ಪ್ರಶ್ನೆ: ಕಪ್ಪು ಲಿಕರಿಸ್ ನನಗೆ ತುಂಬಾ ಇಷ್ಟ. ದಿನಾ ತಿನ್ನಬಹುದೇ?

ಉತ್ತರ: ದಿನಾ ಬೇಡ. ಅದರಲ್ಲಿ ಜ್ಯೇಷ್ಠಮಧುವಿನ ನಿಜವಾದ ಸಾರವಿದ್ದರೆ ಗ್ಲಿಸಿರೈಜಿನ್ ಇರುತ್ತದೆ, ಅದು ದೇಹದ ಪೊಟ್ಯಾಸಿಯಂ ಇಳಿಸುತ್ತದೆ. 40 ದಾಟಿದವರು ದಿನಕ್ಕೆ ಸುಮಾರು 57 ಗ್ರಾಂನಂತೆ ಎರಡು ವಾರ ತಿಂದರೆ ಹೃದಯ ಬಡಿತ ಏರುಪೇರಾಗಿ ಆಸ್ಪತ್ರೆ ಸೇರಬೇಕಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ರುಚಿಪರೀಕ್ಷೆಯಲ್ಲಿ ಇದನ್ನು ಎಲ್ಲಕ್ಕಿಂತ ಕೊನೆಗಿಡಿ, ಇದರ ಸಿಹಿ ತಡವಾಗಿ ಬಂದು ಬಹಳ ಹೊತ್ತು ಬಾಯಲ್ಲೇ ಕೂರುತ್ತದೆ.

ಪ್ರಶ್ನೆ: ಕತ್ತಲೆಯಲ್ಲಿ ಮಿಠಾಯಿ ಕಚ್ಚಿದರೆ ಬೆಳಕು ಬರುತ್ತದೆ ಎಂದು ಮಗಳು ಹೇಳುತ್ತಾಳೆ. ನಿಜವೇ?

ಉತ್ತರ: ನಿಜ, ಮಿಠಾಯಿ ವಿಂಟರ್‌ಗ್ರೀನ್ ಎಂಬ ಗಿಡದ ಸುವಾಸನೆಯದಾಗಿರಬೇಕು. ಸಕ್ಕರೆಯ ಹರಳು ಒಡೆಯುವಾಗ ಹುಟ್ಟುವ ಕಿಡಿ ಹೆಚ್ಚಾಗಿ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ವಿಂಟರ್‌ಗ್ರೀನ್‌ನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಅದನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕತ್ತಲೆ ಕೋಣೆಯಲ್ಲಿ ಹತ್ತು ನಿಮಿಷ ಕೂತು ಕಣ್ಣು ಪಳಗಿದ ಮೇಲೆ, ಒಣಗಿದ ಮಿಠಾಯಿಯನ್ನು ಇಕ್ಕಳದಲ್ಲಿ ಹಿಡಿದು ಅದುಮಿ. ಬಾಯಲ್ಲಿ ಕಚ್ಚುವುದಾದರೆ ಜೊಲ್ಲು ತಾಗುವ ಮೊದಲೇ ಕಚ್ಚಬೇಕು, ಒದ್ದೆಯಾದರೆ ಬೆಳಕು ಕಾಣುವುದಿಲ್ಲ.